ಕ್ಲಿಪ್ ತೆಗೆದ ಮೇಲಿನ ಕೆಲಸ: ರಿಟೇನರ್ ಹಾಕುವುದು, ತೊಳೆಯುವುದು, ಜೋಪಾನ ಮಾಡುವುದು

ನಾನು ಎರಡು ಸಲ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದೇನೆ. ಮೊದಲನೆಯದು 15ನೇ ವಯಸ್ಸಿನಲ್ಲಿ, ಎರಡನೆಯದು 29ರಲ್ಲಿ. ಎರಡನೆಯದು ಬೇಕಾಗಿರಲೇ ಇಲ್ಲ. ಮೊದಲ ಸಲ ತಂತಿ ಬಿಚ್ಚಿದ ದಿನ ವೈದ್ಯರು ರಿಟೇನರ್ (ನೇರವಾದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ) ಇದ್ದ ಒಂದು ಡಬ್ಬಿ ಕೈಗಿಟ್ಟು "ಇದನ್ನು ಮರೆಯದೆ ಹಾಕಿಕೊ" ಎಂದಿದ್ದರು. ಎಂಟು ತಿಂಗಳು ಹಾಕಿದೆ. ಆಮೇಲೆ ಪರೀಕ್ಷೆ ಬಂತು, ಊರು ಬದಲಾಯಿತು, ಡಬ್ಬಿ ಯಾವುದೋ ಪೆಟ್ಟಿಗೆಯ ತಳ ಸೇರಿತು. ಹಲ್ಲುಗಳು ಸರಿಯಾಗಿಯೇ ಇದ್ದವು, ಹಾಗಾಗಿ ಬಿಟ್ಟದ್ದು ತಪ್ಪೆಂದು ಅನ್ನಿಸಲಿಲ್ಲ. ಐದಾರು ವರ್ಷ ಕಳೆದ ಮೇಲೆ ಕೆಳಗಿನ ಎರಡು ಬಾಚಿಹಲ್ಲು ಒಂದರ ಮೇಲೊಂದು ಏರತೊಡಗಿದಾಗ ಆ ಡಬ್ಬಿ ಹುಡುಕಿ ತೆಗೆದೆ. ರಿಟೇನರ್ ಹಲ್ಲಿನ ಮೇಲೆ ಕೂರಲೇ ಇಲ್ಲ.

ಆ ಕ್ಷಣದಲ್ಲಿ ಅರ್ಥವಾದ ಸಂಗತಿಯೇ ಈ ಲೇಖನಕ್ಕೆ ಕಾರಣ. ರಿಟೇನರ್ ಹಲ್ಲನ್ನು ಹಿಡಿದಿಡುವ ಸಾಧನ ಮಾತ್ರವಲ್ಲ, ಹಲ್ಲು ಎಲ್ಲಿದೆ ಎಂದು ಪ್ರತಿ ರಾತ್ರಿ ಹೇಳುವ ಅಳತೆಗೋಲು ಕೂಡ. ಕನ್ನಡಿಗೆ ಕಾಣಿಸುವುದಕ್ಕಿಂತ ಎಷ್ಟೋ ತಿಂಗಳು ಮೊದಲೇ ಅದಕ್ಕೆ ಗೊತ್ತಾಗಿರುತ್ತದೆ. ಅದು ಹೇಳುವುದನ್ನು ಓದಲು ಕಲಿತವರಿಗೆ ಎರಡನೇ ಸಲ ಕ್ಲಿಪ್ ಹಾಕಿಸಿಕೊಳ್ಳುವ ಸಂದರ್ಭ ಬರುವುದು ಅಪರೂಪ.

ಹಲ್ಲು ಯಾಕೆ ಹಳೇ ಜಾಗಕ್ಕೆ ಎಳೆಯುತ್ತದೆ

ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ದವಡೆಯ ಎಲುಬಿಗೂ ನಡುವೆ ಕೂದಲಷ್ಟು ತೆಳುವಾದ ನಾರುಗಳ ಪದರವೊಂದಿದೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ, ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಹಿಂದೆ ತೆರವಾದ ಕಡೆ ಹೊಸ ಎಲುಬು ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ತಂತಿ ಬಿಚ್ಚಿದ ದಿನ ಹಲ್ಲು ಹೊಸ ಜಾಗದಲ್ಲಿರುತ್ತದೆ, ಆದರೆ ಸುತ್ತಲಿನ ಎಲುಬು ಇನ್ನೂ ಎಳೆಯದು. ಈಗಷ್ಟೇ ನೆಟ್ಟ ಗೂಟ ನೋಡಲು ನೇರವಾಗಿರುತ್ತದೆ. ಬುಡದ ಮಣ್ಣು ಕೂರುವ ತನಕ ಕೈ ತಾಗಿದರೂ ವಾಲುತ್ತದೆ.

ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಸುಮಾರು 3ರಿಂದ 4 ತಿಂಗಳು ಬೇಕು. ವಸಡಿನೊಳಗಿನ ನಾರುಗಳಿಗೆ 4ರಿಂದ 6 ತಿಂಗಳು. ಹಲ್ಲಿನ ಕತ್ತಿನ ಸುತ್ತ ರಬ್ಬರಿನಂತೆ ಎಳೆಯುವ ಇನ್ನೊಂದು ಬಗೆಯ ನಾರುಗಳಿವೆ, ಇವು ಒಂದು ವರ್ಷದವರೆಗೂ ಹಳೆಯ ದಿಕ್ಕಿಗೇ ಎಳೆಯುತ್ತಿರಬಲ್ಲವು. ತಿರುಚಿಕೊಂಡಿದ್ದು ನೇರವಾದ ಹಲ್ಲು ಎಲ್ಲಕ್ಕಿಂತ ಬೇಗ ಹಿಂದಕ್ಕೆ ತಿರುಗುವುದು ಇದರಿಂದಲೇ. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದ್ದು ಅದನ್ನು ಮುಚ್ಚಿಸಿಕೊಂಡವರೂ ಹೆಚ್ಚು ಎಚ್ಚರದಿಂದಿರಬೇಕು.

ಹಾಗಾದರೆ ಒಂದು ವರ್ಷ ಹಾಕಿದರೆ ಸಾಕಲ್ಲವೇ? ಸಾಲದು. ಕ್ಲಿಪ್ಪನ್ನೇ ಕಾಣದವರ ಕೆಳಗಿನ ಬಾಚಿಹಲ್ಲುಗಳು ಕೂಡ ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಕೂದಲು ಬೆಳ್ಳಗಾಗುವಷ್ಟೇ ಸಹಜವಾದ ಬದಲಾವಣೆ ಇದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಚಿಕಿತ್ಸೆ ಮುಗಿಸಿ ರಿಟೇನರನ್ನೂ ನಿಲ್ಲಿಸಿದವರನ್ನು ದಶಕಗಳ ಕಾಲ ಗಮನಿಸಿದ್ದಾರೆ. ಹತ್ತು ವರ್ಷಗಳ ನಂತರ ಕೆಳಗಿನ ಮುಂಭಾಗದ ಹಲ್ಲುಸಾಲು ತೃಪ್ತಿಕರವಾಗಿ ಉಳಿದಿದ್ದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ. ಇಪ್ಪತ್ತು ವರ್ಷ ದಾಟಿದಾಗ ಹತ್ತರಲ್ಲಿ ಒಬ್ಬರು. ಈ ಅಂಕಿಗಳನ್ನು ಯಾರಾದರೂ 15ನೇ ವಯಸ್ಸಿನಲ್ಲೇ ನನ್ನ ಮುಂದೆ ಇಟ್ಟಿದ್ದರೆ ಆ ಡಬ್ಬಿಯನ್ನು ಹಾಗೆ ಕಳೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಮಾತು. ಕೊನೆಯಲ್ಲಿ ಹುಟ್ಟುವ ಬುದ್ಧಿಹಲ್ಲು ಮುಂದಿನ ಹಲ್ಲುಗಳನ್ನು ತಳ್ಳಿ ಸೊಟ್ಟ ಮಾಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ನಡೆದಿರುವ ಅಧ್ಯಯನಗಳು ಇದನ್ನು ಎತ್ತಿಹಿಡಿಯುವುದಿಲ್ಲ. ಬುದ್ಧಿಹಲ್ಲು ಕೀಳಿಸಿದ್ದೇನೆ, ಇನ್ನು ರಿಟೇನರ್ ಬೇಡ ಎಂದುಕೊಳ್ಳಬೇಡಿ.

ನಿಮ್ಮದು ಯಾವ ಬಗೆ

ಮುಂದಿನ ಹೆಜ್ಜೆಗಳು ನಿಮ್ಮ ಬಾಯಲ್ಲಿರುವುದು ಯಾವುದು ಎಂಬುದರ ಮೇಲೆ ನಿಂತಿವೆ.

ತಂತಿ ಮತ್ತು ಅಕ್ರಿಲಿಕ್‌ನದು ಹಳೆಯ ಬಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ ಚಾರ್ಲ್ಸ್ ಹಾಲಿ ಅವರ ಹೆಸರಿನಲ್ಲೇ ಹಾಲಿ ರಿಟೇನರ್ ಎನ್ನುತ್ತಾರೆ. ಅಂಗುಳಕ್ಕೆ ಅಥವಾ ನಾಲಿಗೆಯ ಬದಿಗೆ ಅಕ್ರಿಲಿಕ್ ತಟ್ಟೆ, ಮುಂದಿನ ಹಲ್ಲುಗಳ ಮೇಲೆ ಹಾಯುವ ಸ್ಟೀಲ್ ತಂತಿ, ದವಡೆ ಹಲ್ಲನ್ನು ಹಿಡಿಯುವ ಕೊಕ್ಕೆಗಳು. ಗಟ್ಟಿಮುಟ್ಟು, ಸಡಿಲವಾದರೆ ವೈದ್ಯರು ತಂತಿ ಬಗ್ಗಿಸಿ ಸರಿಮಾಡಬಹುದು, ಜೋಪಾನ ಮಾಡಿದರೆ ಹಲವು ವರ್ಷ ಬರುತ್ತದೆ. ತಂತಿ ಎದ್ದು ಕಾಣುತ್ತದೆ, ಮೊದಮೊದಲು ಮಾತು ತೊದಲುತ್ತದೆ.

ಪಾರದರ್ಶಕ ಪ್ಲಾಸ್ಟಿಕ್‌ನದು ಎರಡನೆಯದು. ನಿಮ್ಮ ಹಲ್ಲಿನ ಅಚ್ಚಿನ ಮೇಲೆ ಬಿಸಿ ಮಾಡಿದ ತೆಳು ಹಾಳೆಯನ್ನು ಎಳೆದು ಕೂರಿಸಿ ತಯಾರಿಸುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಮಾತಿಗೆ ತೊಡಕು ಕಡಿಮೆ. ಆದರೆ ಸವೆಯುತ್ತದೆ, ಬಿರುಕು ಬಿಡುತ್ತದೆ, ನಿದ್ದೆಯಲ್ಲಿ ಹಲ್ಲು ಕಡಿಯುವವರ ಬಾಯಲ್ಲಂತೂ ಬೇಗ ಹಾಳಾಗುತ್ತದೆ.

ಮೂರನೆಯದು ಅಂಟಿಸಿದ ತಂತಿ. ಕೆಳಗಿನ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ, ನಾಲಿಗೆಯ ಬದಿಯಲ್ಲಿ, ಸಣ್ಣ ಎಳೆಗಳನ್ನು ಹೊಸೆದ ತಂತಿಯನ್ನು ಹಲ್ಲು ತುಂಬುವ ಅಂಟಿನಿಂದ ಕೂರಿಸಿರುತ್ತಾರೆ. ಮೇಲಿನ ಹಲ್ಲಿಗೂ ಹಾಕುವುದುಂಟು. ಮರೆತುಬಿಡುವ ಅಪಾಯವಿಲ್ಲ, ಆದರೆ ಶುಚಿ ಮಾಡುವ ಶ್ರಮ ಹೆಚ್ಚು. ಎಷ್ಟೋ ಜನರಿಗೆ ಕೆಳಗೆ ಅಂಟಿಸಿದ ತಂತಿ, ಮೇಲೆ ತೆಗೆದು ಹಾಕುವ ರಿಟೇನರ್, ಹೀಗೆ ಎರಡೂ ಇರುತ್ತವೆ. ಈಗ ನನಗಿರುವುದೂ ಹಾಗೆಯೇ.

ಹಾಕುವ ಮತ್ತು ತೆಗೆಯುವ ಕ್ರಮ

ಮೊದಲ ವಾರ ಕನ್ನಡಿಯ ಮುಂದೆ ನಿಂತೇ ಅಭ್ಯಾಸ ಮಾಡಿ. ಕೈ ತೊಳೆದು, ಹಲ್ಲುಜ್ಜಿ, ರಿಟೇನರನ್ನು ನೀರಲ್ಲಿ ಅದ್ದಿ ತೆಗೆಯಿರಿ. ಒದ್ದೆಯಾಗಿದ್ದರೆ ಸುಲಭವಾಗಿ ಜಾರುತ್ತದೆ.

ಪಾರದರ್ಶಕ ರಿಟೇನರನ್ನು ಮೊದಲು ಮುಂದಿನ ಹಲ್ಲುಗಳ ಮೇಲೆ ಇಟ್ಟು, ಎರಡೂ ಬದಿಯ ದವಡೆ ಹಲ್ಲುಗಳ ಮೇಲೆ ಬೆರಳ ತುದಿಯಿಂದ ಸಮನಾಗಿ ಒತ್ತಿ. ಸರಿಯಾಗಿ ಕೂತಾಗ ಸಣ್ಣಗೆ "ಟಕ್" ಎನ್ನುತ್ತದೆ. ಹಾಲಿ ರಿಟೇನರಿಗೆ ಅಕ್ರಿಲಿಕ್ ಭಾಗವನ್ನು ಅಂಗುಳಕ್ಕೆ ತಾಗಿಸಿ ಹೆಬ್ಬೆರಳಿಂದ ಒತ್ತಿ, ಕೊಕ್ಕೆಗಳು ತಾವೇ ಹಿಡಿದುಕೊಳ್ಳುತ್ತವೆ.

ಎಷ್ಟೋ ಜನ ಅದನ್ನು ಅರ್ಧ ಇಟ್ಟು ಹಲ್ಲು ಕಚ್ಚಿ ಕೂರಿಸುತ್ತಾರೆ. ಪ್ಲಾಸ್ಟಿಕ್ ಬಿರುಕು ಬಿಡುವುದಕ್ಕೂ, ಕೊಕ್ಕೆ ಬಗ್ಗುವುದಕ್ಕೂ ಒಂದು ಕಾರಣ ಈ ಅಭ್ಯಾಸ. ಬೆರಳು ಬಳಸಿ, ಯಾವತ್ತೂ ಕಚ್ಚಬೇಡಿ.

ತೆಗೆಯುವಾಗ ಒಂದೇ ಬದಿಯಿಂದ ಕೀಳಬಾರದು. ಪಾರದರ್ಶಕದ್ದಾದರೆ ಒಳಬದಿಯಲ್ಲಿ, ಹಿಂದಿನ ದವಡೆ ಹಲ್ಲಿನ ಬಳಿ ಬೆರಳ ತುದಿ ಸಿಕ್ಕಿಸಿ ಸ್ವಲ್ಪ ಸಡಿಲಿಸಿ. ಇನ್ನೊಂದು ಬದಿಯಲ್ಲೂ ಹಾಗೆಯೇ ಮಾಡಿ. ಎರಡೂ ಹಿಂಬದಿ ಬಿಟ್ಟುಕೊಂಡ ಮೇಲೆ ಮುಂದಕ್ಕೆ ತನ್ನಿ. ಹಾಲಿಯದ್ದಾದರೆ ಹಿಂದಿನ ಕೊಕ್ಕೆಗಳನ್ನು ಎರಡೂ ಕಡೆ ಒಟ್ಟಿಗೆ ಬಿಡಿಸಿ. ಮುಂದಿನ ತಂತಿ ಹಿಡಿದು ಎಳೆದರೆ ತಂತಿ ಬಗ್ಗುತ್ತದೆ, ಬಗ್ಗಿದ ತಂತಿ ಹಲ್ಲನ್ನು ತಾನೇ ತಪ್ಪು ದಿಕ್ಕಿಗೆ ತಳ್ಳತೊಡಗುತ್ತದೆ. ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ಎತ್ತುತ್ತಾ ಇಳಿಸುತ್ತಾ ಆಡುವ ಚಟ ಮಕ್ಕಳಿಗೂ ದೊಡ್ಡವರಿಗೂ ಬರುತ್ತದೆ. ರಿಟೇನರ್ ಸಡಿಲವಾಗುವುದಕ್ಕೆ ಅದೂ ಒಂದು ಕಾರಣ.

ಮೊದಲ ಎರಡು ಮೂರು ದಿನ ಜೊಲ್ಲು ಹೆಚ್ಚು ಸುರಿಯುತ್ತದೆ, ಹೊಸ ವಸ್ತುವನ್ನು ಬಾಯಿ ತಿನ್ನುವ ಪದಾರ್ಥವೆಂದು ತಿಳಿಯುವುದರಿಂದ. ಮಾತಿನಲ್ಲಿ ಸ, ಶ, ಚ ಅಕ್ಷರಗಳು ತಡವರಿಸುತ್ತವೆ. ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಏನಾದರೂ ಓದಿ, ಒಂದೆರಡು ವಾರದಲ್ಲಿ ನಾಲಿಗೆ ಹೊಸ ಜಾಗ ಕಲಿತುಕೊಳ್ಳುತ್ತದೆ. ಮಾತು ಸರಿಹೋಗಲಿ ಎಂದು ರಿಟೇನರ್ ತೆಗೆದಿಟ್ಟರೆ ಕಲಿಯುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಎಷ್ಟು ಹೊತ್ತು, ಎಷ್ಟು ವರ್ಷ

ಬಹಳಷ್ಟು ತಜ್ಞರು ಮೊದಲ 3ರಿಂದ 6 ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ, ಅಂದರೆ 20ರಿಂದ 22 ಗಂಟೆ ಹಾಕಲು ಹೇಳುತ್ತಾರೆ. ಆಮೇಲೆ ರಾತ್ರಿ ಮಾತ್ರ. ಕೆಲವರು ಮೊದಲ ದಿನದಿಂದಲೇ ರಾತ್ರಿ ಮಾತ್ರ ಸಾಕು ಎನ್ನುವುದೂ ಉಂಟು, ಕೆಲವು ಬಾಯಿಗಳಿಗೆ ಅದು ಸಾಕಾಗುತ್ತದೆ ಕೂಡ. ನಿಮ್ಮ ಹಲ್ಲು ಮೊದಲು ಹೇಗಿತ್ತು, ಎಷ್ಟು ಸರಿದಿದೆ ಎಂದು ನೋಡಿದವರು ನಿಮ್ಮ ವೈದ್ಯರು. ಆದ್ದರಿಂದ ಅವರು ಕೊಟ್ಟ ಗಂಟೆಯನ್ನೇ ಪಾಲಿಸಿ, ಗೆಳತಿಯ ವೈದ್ಯರು ಹೇಳಿದ್ದನ್ನಲ್ಲ.

ಎಷ್ಟು ವರ್ಷ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ: ಹಲ್ಲು ಹೀಗೆಯೇ ಇರಲಿ ಎಂದು ನೀವು ಬಯಸುವಷ್ಟು ವರ್ಷ. ಕೇಳಲು ಭಾರವೆನಿಸುತ್ತದೆ. ಆದರೆ ಮೊದಲ ವರ್ಷ ದಾಟಿದ ಮೇಲೆ ಇದು ಮಲಗುವ ಮುನ್ನ ಹಲ್ಲುಜ್ಜಿದ ಹಾಗೆ ಅರ್ಧ ನಿಮಿಷದ ಕೆಲಸ. ಮುಂದೆ ವಾರಕ್ಕೆ ಕೆಲವೇ ರಾತ್ರಿ ಸಾಕೇ ಎಂಬುದನ್ನು ಸ್ವತಃ ತೀರ್ಮಾನಿಸದೆ, ತಪಾಸಣೆಯ ದಿನ ವೈದ್ಯರನ್ನು ಕೇಳಿ.

ತೆಗೆದಿಡಬೇಕಾದ ಹೊತ್ತುಗಳೂ ಇವೆ. ಊಟ ತಿಂಡಿಗೆ ತೆಗೆಯಬೇಕು. ಪೆಟ್ಟು ಬೀಳುವ ಆಟಗಳಿಗೆ ತೆಗೆದು, ಆಟಕ್ಕೆಂದೇ ಇರುವ ಹಲ್ಲಿನ ಕವಚ ಹಾಕಬೇಕು. ರಿಟೇನರ್ ಆ ಕೆಲಸ ಮಾಡುವುದಿಲ್ಲ. ಈಜುವಾಗ ತೆಗೆಯಿರಿ, ಬಾಯಿಂದ ಜಾರಿ ನೀರಿಗೆ ಬಿದ್ದ ಪಾರದರ್ಶಕ ರಿಟೇನರ್ ಕಣ್ಣಿಗೆ ಬೀಳುವುದಿಲ್ಲ. ಊದುವ ವಾದ್ಯ ನುಡಿಸುವವರೂ ನುಡಿಸುವ ಹೊತ್ತಿಗೆ ತೆಗೆದಿಡಬಹುದು.

ರಿಟೇನರ್ ಬಾಯಲ್ಲಿರುವಾಗ ಕುಡಿಯಬಹುದಾದದ್ದು ನೀರು ಮಾತ್ರ. ಇದರಲ್ಲಿ ರಿಯಾಯಿತಿ ಬೇಡ. ಪಾರದರ್ಶಕ ರಿಟೇನರ್ ಒಳಗೆ ಸಿಹಿ ಪಾನೀಯ ಸೇರಿಕೊಂಡರೆ, ಜೊಲ್ಲು ಬಂದು ತೊಳೆಯಲು ದಾರಿಯೇ ಇರುವುದಿಲ್ಲ. ಸಕ್ಕರೆ ಮತ್ತು ಆಮ್ಲ ಗಂಟೆಗಟ್ಟಲೆ ಹಲ್ಲಿನ ಮೇಲೇ ನಿಂತು ಹುಳುಕಿಗೆ ದಾರಿಮಾಡುತ್ತವೆ. ಕಾಫಿ, ಚಹಾ ಕುಡಿದರೆ ಬಿಸಿಗೆ ಆಕಾರ ಕೆಡುವುದು, ಬಣ್ಣ ಹಿಡಿಯುವುದು ಬೇರೆ. ತೆಗೆದು ಕುಡಿಯಿರಿ, ಬಾಯಿ ಮುಕ್ಕಳಿಸಿ, ಮತ್ತೆ ಹಾಕಿ.

ಪ್ರತಿ ರಾತ್ರಿಯ ಬಿಗಿತವನ್ನು ಓದುವುದು

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ರಾತ್ರಿ ರಿಟೇನರ್ ಹಾಕಿದ ಕ್ಷಣ ಒಂದು ಉಸಿರಿನಷ್ಟು ಹೊತ್ತು ನಿಂತು ಗಮನಿಸಿ: ಎಲ್ಲಾದರೂ ಒತ್ತುತ್ತಿದೆಯೇ?

ಒತ್ತಡವಿಲ್ಲದೆ ಕೂತರೆ ಹಲ್ಲು ಬಿಟ್ಟ ಜಾಗದಲ್ಲೇ ಇದೆ, ನೀವು ಹಾಕುತ್ತಿರುವ ಗಂಟೆಗಳು ಸಾಕು.

ಹಾಕಿದಾಗ ಬಿಗಿಯೆನಿಸಿ ಐದು ಹತ್ತು ನಿಮಿಷದಲ್ಲಿ ಸಡಿಲವಾದರೆ, ಹೊರಗಿದ್ದ ಹೊತ್ತಿನಲ್ಲಿ ಹಲ್ಲು ಕೂದಲೆಳೆಯಷ್ಟು ಕದಲಿದೆ ಎಂದು ಅರ್ಥ. ಒಂದು ರಾತ್ರಿ ಮರೆತ ಮಾರನೇ ದಿನ ಹೀಗಾಗುವುದು ಸಾಮಾನ್ಯ. ಪ್ರತಿ ರಾತ್ರಿಯೂ ಹೀಗೇ ಆಗುತ್ತಿದ್ದರೆ ನೀವು ಹಾಕುವ ಗಂಟೆಗಳು ಸಾಲುತ್ತಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಹಾಕಿ ನೋಡಿ.

ಬೆಳಗಿನ ತನಕ ಬಿಗಿಯಾಗಿಯೇ ಇದ್ದು, ಎದ್ದಾಗ ಒಂದು ಹಲ್ಲು ಮಾತ್ರ ನೋಯುತ್ತಿದ್ದರೆ ಆ ಹಲ್ಲೇ ಓಡಲು ನೋಡುತ್ತಿದೆ. ರಿಟೇನರ್ ಪೂರ್ತಿ ಕೂರುತ್ತಿದೆ ಎಂದಾದರೆ ಕೆಲವು ದಿನ ಮತ್ತೆ ಇಡೀ ಹೊತ್ತು ಹಾಕಿ. ಅನೇಕ ಸಲ ಹಲ್ಲು ಮರಳಿ ಬರುತ್ತದೆ. ಒಂದು ವಾರದಲ್ಲಿ ಬಿಗಿ ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಪೂರ್ತಿ ಕೂರದಿದ್ದರೆ, ಅಂದರೆ ಪಾರದರ್ಶಕ ರಿಟೇನರ್‌ನ ಅಂಚಿಗೂ ಹಲ್ಲಿನ ತುದಿಗೂ ನಡುವೆ ಖಾಲಿ ಜಾಗ ಕಂಡರೆ, ಅಥವಾ ಒಂದು ಬದಿ ಒತ್ತಿದಾಗ ಇನ್ನೊಂದು ಬದಿ ಏಳುತ್ತಿದ್ದರೆ, ಬಲವಂತ ಮಾಡಬೇಡಿ. ಒತ್ತಿ ಕೂರಿಸಲು ಹೋದರೆ ಹಲ್ಲಿಗೂ ಕೇಡು, ರಿಟೇನರಿಗೂ ಕೇಡು. ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಈ ಹಂತದಲ್ಲಿ ವಾರಗಳು ಲೆಕ್ಕಕ್ಕೆ ಬರುತ್ತವೆ. ಬೇಗ ಹೋದರೆ ಕೆಲವು ತೆಳು ಅಲೈನರ್‌ಗಳಲ್ಲೇ (ಹಲ್ಲನ್ನು ಹಂತಹಂತವಾಗಿ ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚಗಳು) ಮುಗಿಯಬಹುದಾದದ್ದು, ತಡವಾದರೆ ಮತ್ತೆ ಪೂರ್ಣ ಚಿಕಿತ್ಸೆಗೆ ಎಳೆಯುತ್ತದೆ. ನಾನು ಆ ಹಳೇ ರಿಟೇನರನ್ನು ಎರಡು ವಾರ ಬಲವಂತವಾಗಿ ಒತ್ತಿದೆ. ವಸಡು ಹುಣ್ಣಾಯಿತು, ಕೊಕ್ಕೆ ಬಗ್ಗಿತು, ಹಲ್ಲು ಮಾತ್ರ ಕದಲಲಿಲ್ಲ.

ತೀರಾ ಸಡಿಲವಾಗಿ, ಮಾತಾಡುವಾಗ ಬೀಳುವಂತಿದ್ದರೆ ಅದೂ ಒಳ್ಳೆಯ ಸುದ್ದಿಯಲ್ಲ. ಪ್ಲಾಸ್ಟಿಕ್ ಸವೆದಿದೆ ಅಥವಾ ಕೊಕ್ಕೆ ಸಡಿಲಿದೆ. ಅಂಥ ರಿಟೇನರ್ ಬಾಯಲ್ಲಿದ್ದರೂ ಹಲ್ಲನ್ನು ಹಿಡಿಯುತ್ತಿಲ್ಲ. ವಸಡಿನ ಒಂದೇ ಜಾಗದಲ್ಲಿ ಗಾಯವಾಗುತ್ತಿದ್ದರೆ ಅಂಚು ಚೂಪಾಗಿದೆ. ಮನೆಯ ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ವೈದ್ಯರು ಎರಡು ನಿಮಿಷದಲ್ಲಿ ಉಜ್ಜಿ ನಯಮಾಡಿ ಕೊಡುತ್ತಾರೆ.

ತೊಳೆಯುವ ಬಗೆ

ಬಾಯಿಂದ ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. "ಕೂಡಲೇ" ಎಂಬುದು ಮುಖ್ಯ. ಜೊಲ್ಲು ಒಣಗಿದರೆ ಅದರಲ್ಲಿನ ಸುಣ್ಣದಂಶ ರಿಟೇನರ್ ಮೇಲೆ ಗಾರೆಯಂತೆ ಕಟ್ಟುತ್ತದೆ. ಒದ್ದೆಯಿದ್ದಾಗ ಬೆರಳಿಗೆ ಹೋಗುವುದು, ಒಣಗಿದ ಮೇಲೆ ಬ್ರಷ್‌ಗೂ ಜಗ್ಗುವುದಿಲ್ಲ.

ದಿನಕ್ಕೆ ಒಮ್ಮೆಯಾದರೂ ಮೃದುವಾದ ಬ್ರಷ್‌ನಿಂದ ಉಜ್ಜಿ. ಹಲ್ಲುಜ್ಜುವ ಬ್ರಷ್ ಬೇಡ, ರಿಟೇನರ್‌ಗೆಂದೇ ಒಂದು ಇಟ್ಟುಕೊಳ್ಳಿ. ಅದರ ಮೇಲೆ ಒಂದು ಹನಿ ಸೌಮ್ಯವಾದ ಲಿಕ್ವಿಡ್ ಸೋಪು ಹಾಕಿ, ಒಳಗೆ ಹೊರಗೆ, ಮುಖ್ಯವಾಗಿ ಹಲ್ಲು ಕೂರುವ ಗುಳಿಗಳಲ್ಲಿ ಉಜ್ಜಿ, ಸೋಪಿನ ರುಚಿ ಉಳಿಯದಂತೆ ತೊಳೆಯಿರಿ. ಹಾಲಿಯದ್ದಾದರೆ ತಂತಿಯು ಅಕ್ರಿಲಿಕ್ ಒಳಗೆ ಹೋಗುವ ಮೂಲೆಗಳನ್ನು ಬಿಡಬೇಡಿ. ಕೊಳೆ ಕೂರುವುದು ಅಲ್ಲೇ. ಸಿಂಕಿನ ಮೇಲೆ ತೊಳೆಯುವಾಗ ಕೆಳಗೆ ಬಟ್ಟೆ ಹಾಸಿ, ಜಾರಿ ಬಿದ್ದರೆ ಒಡೆಯದಿರಲಿ.

ಟೂತ್‌ಪೇಸ್ಟ್ ಬಳಸಬೇಡಿ. ಹಲ್ಲಿನ ಎನಾಮಲ್ ತುಂಬ ಗಟ್ಟಿ, ಪೇಸ್ಟಿನಲ್ಲಿರುವ ಉಜ್ಜುವ ಒರಟು ಕಣಗಳನ್ನು ತಾಳಿಕೊಳ್ಳುತ್ತದೆ. ಪ್ಲಾಸ್ಟಿಕ್ ತಾಳುವುದಿಲ್ಲ. ಕಣ್ಣಿಗೆ ಕಾಣದ ಗೀರುಗಳು ಮೂಡಿ, ಆ ಗೀರುಗಳಲ್ಲೇ ಬ್ಯಾಕ್ಟೀರಿಯಾ ಮನೆಮಾಡಿ, ಕೆಲವು ತಿಂಗಳಲ್ಲಿ ರಿಟೇನರ್ ಮಬ್ಬಾಗಿ ವಾಸನೆ ಬರುತ್ತದೆ.

ಬಿಸಿನೀರು ಇನ್ನೂ ಕೆಟ್ಟದ್ದು. ಪಾರದರ್ಶಕ ರಿಟೇನರ್ ಹುಟ್ಟಿದ್ದೇ ಬಿಸಿಯಿಂದ. ಹಾಳೆಗೆ ಆಕಾರ ಕೊಟ್ಟ ಅದೇ ಬಿಸಿ ಆ ಆಕಾರವನ್ನು ಬಿಡಿಸಬಲ್ಲದು. ಕುದಿಸಿದರೆ ಕ್ರಿಮಿ ಸಾಯುತ್ತದೆ ಎಂಬ ಒಳ್ಳೆಯ ಉದ್ದೇಶದಿಂದ ಒಂದೇ ನಿಮಿಷದಲ್ಲಿ ರಿಟೇನರ್ ಕಳೆದುಕೊಂಡವರಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆಯ ಪಕ್ಕ, ಪಾತ್ರೆ ತೊಳೆಯುವ ಯಂತ್ರದಲ್ಲಿ ಇಡುವುದೂ ಅದೇ ಫಲ ಕೊಡುತ್ತದೆ. ಬ್ಲೀಚ್ ಮತ್ತು ಆಲ್ಕೋಹಾಲ್ ಇರುವ ಮೌತ್‌ವಾಷ್‌ನಲ್ಲಿ ನೆನೆಹಾಕುವುದೂ ಬೇಡ.

ವಾರಕ್ಕೊಮ್ಮೆ ರಿಟೇನರ್ ಶುಚಿಗೊಳಿಸುವ ಗುಳಿಗೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಪೊಟ್ಟಣದ ಮೇಲೆ ಹೇಳಿದಷ್ಟೇ ಹೊತ್ತು ನೆನೆಸಬಹುದು. ತಂತಿಯಿರುವ ರಿಟೇನರ್‌ಗೆ ಆ ಗುಳಿಗೆ ಆಗುತ್ತದೆಯೇ ಎಂದು ಪೊಟ್ಟಣದಲ್ಲಿ ನೋಡಿಕೊಳ್ಳಿ. ಇಂಥ ಕೆಲವು ಗುಳಿಗೆಗಳಲ್ಲಿ ಪರ್ಸಲ್ಫೇಟ್ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಅಲರ್ಜಿ. ಬಾಯಿ ಉರಿದರೆ, ತುರಿಸಿದರೆ ನಿಲ್ಲಿಸಿ. ಯಾವ ಗುಳಿಗೆಯಾದರೂ ನೆನೆಸಿದ ಮೇಲೆ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯದೆ ಬಾಯಿಗಿಡಬೇಡಿ.

ಬಿಳಿ ಗಾರೆ ಕಟ್ಟಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ತಣ್ಣೀರು ಬೆರೆಸಿ ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಆಮೇಲೆ ಉಜ್ಜಿ. ಹುಳಿ ಆ ಸುಣ್ಣವನ್ನು ಸಡಿಲಿಸುತ್ತದೆ. ಹೋಗದಷ್ಟು ಗಟ್ಟಿಯಾಗಿದ್ದರೆ ಚಾಕು, ಪಿನ್ನು ಹಾಕಿ ಕೆರೆಯದೆ ಮುಂದಿನ ತಪಾಸಣೆಗೆ ಜೊತೆಗೆ ಒಯ್ಯಿರಿ. ಅಲ್ಲಿ ಅದನ್ನು ತೆಗೆಯುವ ಯಂತ್ರ ಇರುತ್ತದೆ.

ಡಬ್ಬಿಯನ್ನು ಮರೆಯುವವರೇ ಹೆಚ್ಚು. ರಿಟೇನರ್ ತೊಳೆದು ಕೊಳಕು ಡಬ್ಬಿಗೆ ಹಾಕಿದರೆ ತೊಳೆದದ್ದು ದಂಡ. ಡಬ್ಬಿಯನ್ನು ಆಗಾಗ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿಯಾಡುವ ತೂತುಗಳಿರುವ ಡಬ್ಬಿ ಒಳ್ಳೆಯದು.

ಅಂಟಿಸಿದ ತಂತಿ ಇದ್ದರೆ

ಈ ತಂತಿಯ ಅಪಾಯ ಇರುವುದು ಅದನ್ನು ಮರೆಯುವುದರಲ್ಲಿ. ಕೆಳಗಿನ ಬಾಚಿಹಲ್ಲುಗಳ ಹಿಂಬದಿ ಬಾಯಲ್ಲೇ ಅತಿ ಬೇಗ ಗಾರೆ ಕಟ್ಟುವ ಜಾಗ, ಜೊಲ್ಲಿನ ಗ್ರಂಥಿಗಳು ತೆರೆದುಕೊಳ್ಳುವುದು ಅದರ ಪಕ್ಕದಲ್ಲೇ. ಅಲ್ಲಿ ತಂತಿಯೂ ಇದ್ದರೆ ಬ್ರಷ್ ತಲುಪದ ಮೂಲೆಗಳು ಇಮ್ಮಡಿಯಾಗುತ್ತವೆ.

ಬ್ರಷ್ಷನ್ನು ನೆಟ್ಟಗೆ ಹಿಡಿದು, ತುದಿಯಿಂದ ತಂತಿಯ ಮೇಲೆ ಮತ್ತು ಕೆಳಗೆ ಬೇರೆಬೇರೆಯಾಗಿ ಉಜ್ಜಿ. ಹಲ್ಲಿನ ಸಂದಿ ಶುಚಿಮಾಡುವ ಫ್ಲಾಸ್ ದಾರವನ್ನು ಎಂದಿನಂತೆ ಮೇಲಿನಿಂದ ಇಳಿಸಲು ಆಗುವುದಿಲ್ಲ, ತಂತಿ ಅಡ್ಡ ಬರುತ್ತದೆ. ಸೂಜಿಯಂಥ ಪ್ಲಾಸ್ಟಿಕ್ ಕುಣಿಕೆಗೆ ದಾರ ಪೋಣಿಸಿ, ತಂತಿಯ ಕೆಳಗಿಂದ ಹಲ್ಲಿನ ಸಂದಿಗೆ ತೂರಿಸಿ, ಎರಡೂ ಹಲ್ಲಿನ ಪಕ್ಕಗಳನ್ನು ಮೃದುವಾಗಿ ಉಜ್ಜಿ ಎಳೆದುಕೊಳ್ಳಿ. ಒಂದು ತುದಿ ಬಿರುಸಾಗಿರುವ ಸಿದ್ಧ ಫ್ಲಾಸ್ ಕೂಡ ಸಿಗುತ್ತದೆ. ಮೊದಮೊದಲು ಹತ್ತು ನಿಮಿಷ ಹಿಡಿಯುತ್ತದೆ, ತಿಂಗಳಲ್ಲಿ ಮೂರಕ್ಕೆ ಇಳಿಯುತ್ತದೆ. ನೀರು ಚಿಮ್ಮಿಸುವ ಯಂತ್ರವೂ ನೆರವಾಗುತ್ತದೆ, ಆದರೆ ದಾರವನ್ನು ಪೂರ್ತಿ ಬಿಡಬೇಡಿ.

ವಾರಕ್ಕೊಮ್ಮೆ ನಾಲಿಗೆಯ ತುದಿಯನ್ನು ತಂತಿಯುದ್ದಕ್ಕೂ ಆಡಿಸಿ, ಬೆರಳಿಂದ ಒಂದೊಂದೇ ಅಂಟಿನ ಬಿಂದುವನ್ನು ಮುಟ್ಟಿ ನೋಡಿ. ಅಲುಗಾಡುತ್ತಿದೆಯೇ, ಒರಟಾಗಿದೆಯೇ? ಒಂದು ಹಲ್ಲಿನ ಅಂಟು ಬಿಟ್ಟರೂ ತಂತಿ ಉಳಿದ ಹಲ್ಲುಗಳಿಗೆ ಅಂಟಿಯೇ ಇರುವುದರಿಂದ ನೋವಿರುವುದಿಲ್ಲ, ಬೀಳುವುದೂ ಇಲ್ಲ. ಬಿಟ್ಟುಕೊಂಡ ಆ ಒಂದು ಹಲ್ಲು ಮಾತ್ರ ಸದ್ದಿಲ್ಲದೆ ಸರಿಯುತ್ತಿರುತ್ತದೆ. ಇನ್ನೂ ವಿಚಿತ್ರವೆಂದರೆ, ಎಲ್ಲ ಅಂಟುಗಳೂ ಗಟ್ಟಿಯಾಗಿದ್ದರೂ ತಂತಿಯೇ ಕಾಲಕ್ರಮೇಣ ಬಗ್ಗಿ ಅಥವಾ ಬಿಚ್ಚಿಕೊಂಡು ಹಲ್ಲನ್ನು ತಿರುಚುವುದು ಕೆಲವರಲ್ಲಿ ಕಂಡುಬಂದಿದೆ. ಹೀಗಾಗಿ ಕೆಳಗಿನ ಮುಂದಿನ ಹಲ್ಲುಗಳ ಫೋಟೊವನ್ನು ಆರು ತಿಂಗಳಿಗೊಮ್ಮೆ ಒಂದೇ ಕೋನದಿಂದ ತೆಗೆದಿಡುವ ರೂಢಿ ನನಗಿದೆ. ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಣ್ಣು ತಪ್ಪಿಸಿದ ಬದಲಾವಣೆ ಕಾಣುತ್ತದೆ. ದಂತವೈದ್ಯರ ತಪಾಸಣೆಗೆ ಹೋದಾಗಲೆಲ್ಲ ತಂತಿಯನ್ನೂ ನೋಡಿ ಎಂದು ನೀವೇ ಹೇಳಿ.

ಗಟ್ಟಿ ಪದಾರ್ಥವನ್ನು ಮುಂದಿನ ಹಲ್ಲಿಂದ ಕಚ್ಚಬೇಡಿ, ಚೂರು ಮಾಡಿ ಹಿಂದಿನ ಹಲ್ಲಿಂದ ಅಗಿಯಿರಿ. ಪೆನ್ನಿನ ತುದಿ, ಉಗುರು ಕಡಿಯುವ ಅಭ್ಯಾಸವೂ ಅಂಟನ್ನು ಬಿಡಿಸುತ್ತದೆ. ತಂತಿ ಮುರಿದು ನಾಲಿಗೆಗೆ ಚುಚ್ಚುತ್ತಿದ್ದರೆ ಕ್ಲಿಪ್ ಇದ್ದಾಗ ಕೊಟ್ಟಿದ್ದ ಮೇಣದ ಉಂಡೆಯನ್ನು ತುದಿಗೆ ಅಂಟಿಸಿ, ತೆಗೆದು ಹಾಕುವ ರಿಟೇನರ್ ಕೂಡ ಇದ್ದು ಅದು ಕೂರುತ್ತಿದ್ದರೆ ಹಾಕಿಕೊಂಡು, ಒಂದೆರಡು ದಿನದೊಳಗೆ ವೈದ್ಯರ ಬಳಿ ಹೋಗಿ. ತಂತಿಯನ್ನು ನೀವೇ ಕತ್ತರಿಸಬೇಡಿ, ತುಂಡು ಗಂಟಲಿಗೆ ಇಳಿಯಬಹುದು.

ಕಳೆದರೆ, ಮುರಿದರೆ

ರಿಟೇನರ್‌ಗಳು ಕಳೆಯುವುದು ಹೆಚ್ಚಾಗಿ ಊಟದ ಮೇಜಿನ ಮೇಲೆ. ಕಾಗದದ ಕರವಸ್ತ್ರದಲ್ಲಿ ಸುತ್ತಿಡುತ್ತಾರೆ, ಮೇಜು ಒರೆಸುವವರು ಅದನ್ನು ಕಸಕ್ಕೆ ಹಾಕುತ್ತಾರೆ. ಒಂದೇ ನಿಯಮ ಇಟ್ಟುಕೊಳ್ಳಿ: ಬಾಯಲ್ಲಿಲ್ಲದಿದ್ದರೆ ಡಬ್ಬಿಯಲ್ಲಿ, ಬೇರೆಲ್ಲೂ ಅಲ್ಲ. ಜೇಬಿಗೆ ಹಾಕಿ ಕೂತು ಮುರಿದವರೂ ಇದ್ದಾರೆ. ಮನೆಯಲ್ಲಿ ನಾಯಿಯಿದ್ದರೆ ಹಾಸಿಗೆಯ ಪಕ್ಕ ಬಿಚ್ಚಿಡಬೇಡಿ, ಜೊಲ್ಲಿನ ವಾಸನೆಗೆ ಅದು ಹುಡುಕಿಕೊಂಡು ಬಂದು ಅಗಿಯುತ್ತದೆ.

ಕಳೆದದ್ದು ಖಾತ್ರಿಯಾದರೆ ಎರಡು ದಿನ ಹುಡುಕುತ್ತಾ ಕೂರದೆ ಅಂದೇ ಫೋನ್ ಮಾಡಿ. ಅಲೈನರ್‌ನಿಂದ ಚಿಕಿತ್ಸೆ ಪಡೆದಿದ್ದರೆ, ಕೊನೆಯ ಅಲೈನರ್ ಇನ್ನೂ ಕೂರುತ್ತಿದ್ದರೆ, ಹೊಸ ರಿಟೇನರ್ ಬರುವ ತನಕ ಅದನ್ನೇ ಹಾಕಬಹುದೇ ಎಂದು ಕೇಳಿ. ಮುರಿದ ಚೂರುಗಳನ್ನು ಅಂಗಡಿಯ ಗೋಂದಿನಿಂದ ಅಂಟಿಸಬೇಡಿ. ಅದು ಬಾಯಿಗೆ ಒಗ್ಗುವ ವಸ್ತುವಲ್ಲ, ಅಂಟಿಸಿದ ಜಾಗ ಒಂದಿಷ್ಟು ಜರುಗಿದರೂ ಹಲ್ಲು ಅದನ್ನೇ ಹಿಂಬಾಲಿಸುತ್ತದೆ. ಚೂರುಗಳನ್ನು ಎಸೆಯದೆ ಒಯ್ಯಿರಿ, ಹಾಲಿಯದ್ದನ್ನು ಕೆಲವೊಮ್ಮೆ ದುರಸ್ತಿ ಮಾಡಲು ಬರುತ್ತದೆ.

ಬೇರೆ ದಂತವೈದ್ಯರ ಬಳಿ ಹೋಗುವಾಗಲೂ ರಿಟೇನರ್ ಜೊತೆಗಿರಲಿ. ಒಂದು ಹಲ್ಲಿಗೆ ಕ್ಯಾಪ್ ಹಾಕಿಸಿದರೆ ಅಥವಾ ದೊಡ್ಡ ಹುಳುಕು ತುಂಬಿಸಿದರೆ ಆ ಹಲ್ಲಿನ ಆಕಾರ ಬದಲಾಗುತ್ತದೆ, ಹಳೇ ರಿಟೇನರ್ ಕೂರದೆ ಹೋಗಬಹುದು. ಇದನ್ನು ಮೊದಲೇ ಹೇಳಿದರೆ ಹೊಸ ಹಲ್ಲನ್ನು ರಿಟೇನರ್‌ಗೆ ಹೊಂದುವಂತೆ ಮಾಡಲು ನೋಡುತ್ತಾರೆ, ಆಗದಿದ್ದರೆ ತಡಮಾಡದೆ ಹೊಸ ರಿಟೇನರ್‌ಗೆ ಅಳತೆ ತೆಗೆಯುತ್ತಾರೆ. ಎಂಆರ್‌ಐ ಮಾಡಿಸುವ ಮುನ್ನ ತೆಗೆಯಲು ಬರುವ ರಿಟೇನರ್ ತೆಗೆದಿಡಿ, ಅಂಟಿಸಿದ ತಂತಿ ಇದ್ದರೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಶಸ್ತ್ರಚಿಕಿತ್ಸೆಗೆ ಹೋಗುವಾಗಲೂ ಹಾಗೆಯೇ.

ಮಗುವಿಗೆ ರಿಟೇನರ್ ಇದ್ದರೆ

"ಹಾಕಿದ್ದೀಯಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಸಿಗುತ್ತದೆ. ಅದಕ್ಕಿಂತ ವಾರಕ್ಕೊಂದು ಸಲ ನಿಮ್ಮ ಮುಂದೆ ಹಾಕಿ ತೋರಿಸಲು ಹೇಳಿ. ಪ್ರತಿ ರಾತ್ರಿ ಹಾಕುವ ಮಗು ಮುಖ ಕಿವುಚದೆ ಒಂದೇ ಸಲಕ್ಕೆ ಕೂರಿಸುತ್ತದೆ. ಕಷ್ಟಪಟ್ಟು ಒತ್ತುತ್ತಿದ್ದರೆ, ನೋವೆನ್ನುತ್ತಿದ್ದರೆ ನಿಮಗೆ ಉತ್ತರ ಸಿಕ್ಕಿದೆ. ಆಗ ಗದರಿದರೆ ಮಗು ಮುಂದಿನ ಸಲ ಮುಚ್ಚಿಡುವುದನ್ನು ಕಲಿಯುತ್ತದೆ. ಕಳೆದುಹೋದ ದಿನವೇ ಬಂದು ಹೇಳುವಷ್ಟು ಧೈರ್ಯ ಮಗುವಿಗಿರಬೇಕು. ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ, ಡಬ್ಬಿ ಎಲ್ಲಿ ಎಂದು ಅಮ್ಮ ಕೇಳಿದಾಗಲೆಲ್ಲ ಬ್ಯಾಗಿನಲ್ಲಿದೆ ಎಂದೇ ಹೇಳುತ್ತಿದ್ದೆ.

ಕ್ಲಿಪ್ ತೆಗೆಯುವ ದಿನ ಇನ್ನೂ ಮುಂದಿದ್ದರೆ, ಅಂದೇ ವೈದ್ಯರನ್ನು ಎರಡು ವಿಷಯ ಕೇಳಿಕೊಳ್ಳಿ. ಒಂದು, ಒಂದೇ ಅಳತೆಯಲ್ಲಿ ಇನ್ನೊಂದು ಹೆಚ್ಚುವರಿ ರಿಟೇನರ್ ಮಾಡಿಕೊಡಲು ಆಗುತ್ತದೆಯೇ ಎಂದು. ಇನ್ನೊಂದು, ನಿಮ್ಮ ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಫೈಲ್‌ನ ಪ್ರತಿ ಸಿಗುತ್ತದೆಯೇ ಎಂದು. ಆ ಫೈಲ್ ಇದ್ದರೆ, ಮುಂದೆ ನೀವು ಯಾವ ಊರಿನಲ್ಲಿದ್ದರೂ ಹಲ್ಲು ಸರಿಯುವ ಮುಂಚೆಯೇ ಅಂದಿನ ಅಳತೆಗೇ ಹೊಸದೊಂದನ್ನು ಮಾಡಿಸಿಕೊಳ್ಳಬಹುದು.